ಬಣ್ಣಕ್ಕೆ ವಾರಸುದಾರರು ಯಾರು?

ಹೊಳೆನರಸೀಪುರದ ನಮ್ಮ ನಾನಿಯ ಮನೆಯಲ್ಲಿ ಕೈಬರಹದ ಒಂದು ಕುರ್‌ಆನ್ ಇತ್ತು. ಮರದ ಬೀರುವಿನ ಮೇಲ್ಹಲಗೆಯಲ್ಲಿ, ಮಖಮಲ್ಲಿನ ಜುಜ್ದಾನಿನೊಳಗೆ ಅದರ ವಾಸ. ಓದುವುದಕ್ಕೆಂದು ಅದನ್ನು ಯಾರೂ ಇಳಿಸುತ್ತಿರಲಿಲ್ಲ. ಅದಕ್ಕೆ ಅಚ್ಚಿನ ಪ್ರತಿಗಳಿದ್ದವು. ವರ್ಷಕ್ಕೊಮ್ಮೆ ರಂಜಾನಿನಲ್ಲಿ ನಾನಿ ವುಜೂ ಮಾಡಿ ಬಂದು, ಅದನ್ನು ರೆಹಲಿನ ಮೇಲಿಟ್ಟು, ಮೊದಲ ಎರಡು ಪುಟಗಳನ್ನು ಮಾತ್ರ ಮಕ್ಕಳಾದ ನಮಗೆ ತೋರಿಸಿ, ಕಣ್ಣಿಗೊತ್ತಿಕೊಂಡು ಮುಚ್ಚುತ್ತಿದ್ದರು. ನೀಲಿ ನೆಲದ ಮೇಲೆ ಚಿನ್ನದ ಬಳ್ಳಿ. ನಡುವೆ ಕಪ್ಪು ಅಕ್ಷರ. ಅಕ್ಷರಗಳನ್ನು ಸುತ್ತುವರಿದು ನಾಲ್ಕೂ ಕಡೆ ಹಸಿರು ಗೆರೆಯ ಚೌಕಟ್ಟು. ಆ ಹಸಿರು ಗೆರೆಯ ಗುಂಟ ಕಾಗದ ಕಂದಾಗಿ, ಸೀಳಿ, ನಡುವಿನ ಬರಹದ ಭಾಗ ಕಿಟಕಿಯ ಬಾಗಿಲಿನ ಹಾಗೆ ಸಡಿಲವಾಗಿ ಅಲ್ಲಾಡುತ್ತಿತ್ತು.

ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಅದನ್ನು ಸರಿಪಡಿಸುವ ಹುರುಪು ನಮಗೆ ಬಂತು. ಅಂಗಡಿಯಿಂದ ಸೆಲ್ಲೋಟೇಪು ತಂದು ಎರಡೂ ಪುಟಗಳ ಸೀಳಿನ ಮೇಲೆ ಅಂಟಿಸಿದೆವು. ಮನೆಯವರೆಲ್ಲ ಮೆಚ್ಚಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಟೇಪು ಹಳದಿಯಾಗಿ, ಅಂಟು ಕಾಗದದೊಳಕ್ಕೆ ಇಳಿದು, ಅಂಚುಗಳು ಎದ್ದು ನಿಂತವು. ಅದನ್ನು ಬಿಡಿಸಲು ಕೈ ಹಾಕಿದಾಗ ಟೇಪಿನ ಜೊತೆಗೆ ಚಿನ್ನವೂ ನೀಲಿಯೂ ಕಿತ್ತು ಬಂದವು. ನಾವು ಗಾಬರಿಯಾಗಿ ನಾನಿಯ ಮುಖ ನೋಡಿದೆವು. ಅವರು ಬೈಯಲಿಲ್ಲ. "ಹೋಗಲಿ ಬೇಟಾ, ಅಕ್ಷರ ಉಳಿಯಿತಲ್ಲ, ಸಾಕು" ಎಂದರು.

ಆ ಮಾತು ಅಂದು ನಮಗೆ ಸಮಾಧಾನ ಕೊಟ್ಟಿತು. ಇಂದು ಅದೇ ಮಾತು ನಮ್ಮನ್ನು ಕಾಡುತ್ತಿದೆ. ಅಕ್ಷರ ಉಳಿದರೆ ಸಾಕೆಂಬುದು ನಾನಿಯೊಬ್ಬರ ಮಾತಲ್ಲ. ಹಳೆಯ ಪುಸ್ತಕಗಳ ವಿಷಯದಲ್ಲಿ ಕನ್ನಡದ ವಿದ್ವತ್ತು ನಡೆದುಕೊಂಡು ಬಂದಿರುವುದೂ ಹಾಗೆಯೇ, ಮುಸ್ಲಿಮರ ಭಕ್ತಿ ನಡೆದುಕೊಂಡಿರುವುದೂ ಹಾಗೆಯೇ. ಇಬ್ಬರ ನಡುವೆ ಅನಾಥವಾಗಿರುವುದು ಬಣ್ಣ.

ಕನ್ನಡದ ಮಟ್ಟಿಗೆ ಇದನ್ನು ನೋಡಬೇಕಾದರೆ ಮೂಡುಬಿದಿರೆಗೆ ಹೋಗಬೇಕು. ಅಲ್ಲಿನ ಸಿದ್ಧಾಂತ ಬಸದಿಯ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿ ಗ್ರಂಥಗಳು ದಿಗಂಬರ ಜೈನರಿಗೆ ಪರಮ ಪವಿತ್ರವಾದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಕನ್ನಡ, ಕಾಲ 12ನೇ ಶತಮಾನದ ಮೊದಲ ದಶಕಗಳು. ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1117ರಲ್ಲಿ, ಬೇಲೂರಿನಲ್ಲಿ ಚೆನ್ನಕೇಶವ ದೇಗುಲ ಎದ್ದಿತಲ್ಲ, ಹೆಚ್ಚುಕಡಿಮೆ ಅದೇ ಕಾಲ. ಈ ಗರಿಗಳ ಮೇಲೆ ಚಿತ್ರಗಳಿವೆ. ತೀರ್ಥಂಕರರು, ಯಕ್ಷಿಯರು, ಕೈಮುಗಿದ ಭಕ್ತರು, ಅಂಚಿನ ಬಳ್ಳಿಗಳು. ಕೆಲವೇ ಬೆರಳುಗಳ ಅಗಲದ ಗರಿಯಲ್ಲಿ ಇಷ್ಟು ಲೋಕ. ಕನ್ನಡ ನಾಡಿನಲ್ಲಿ ಉಳಿದಿರುವ ಚಿತ್ರಿತ ಗ್ರಂಥಗಳಲ್ಲಿ ಇವಕ್ಕಿಂತ ಹಳೆಯವು ಸಿಕ್ಕುವುದು ಕಷ್ಟ.

ಈ ಗ್ರಂಥಗಳ ಪಠ್ಯಕ್ಕೆ ಒಳ್ಳೆಯ ಗತಿ ಸಿಕ್ಕಿತು. ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದ ಅವನ್ನು 19ನೇ ಶತಮಾನದ ಕೊನೆಯಿಂದ ಪ್ರತಿ ಮಾಡಲಾಯಿತು. 1939ರಿಂದ 1959ರವರೆಗೆ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಟೀಕೆ 16 ಸಂಪುಟಗಳಲ್ಲಿ ಅಚ್ಚಾಯಿತು. ಪಠ್ಯ ಹೊಳೆ ದಾಟಿತು. ಚಿತ್ರಗಳು ಮಾತ್ರ ಅದೇ ಗರಿಯ ಮೇಲೆ, ಆಚೆ ದಡದಲ್ಲೇ ಉಳಿದವು. ಅಕ್ಷರವನ್ನು ನಕಲು ಮಾಡಬಹುದು. ಬಣ್ಣವನ್ನು ನಕಲು ಮಾಡಿದರೆ ಅದು ಬೇರೆಯವನ ಚಿತ್ರವಾಗುತ್ತದೆ.

ನಮ್ಮ ಗ್ರಂಥಸಂಪಾದನೆಯ ಪರಂಪರೆ ದೊಡ್ಡದು. ಪಾಠಾಂತರ, ಪ್ರಕ್ಷೇಪ, ಲಿಪಿಕಾರರ ಸ್ಖಾಲಿತ್ಯ ಎಂದು ಒಂದೊಂದು ಅಕ್ಷರಕ್ಕೂ ಕಣ್ಣು ಸವೆಸಿದ ಹಿರಿಯರು ನಮಗಿದ್ದಾರೆ. ಅವರ ಋಣ ದೊಡ್ಡದು. ಆದರೆ ಆ ಶಿಸ್ತು ಹಸ್ತಪ್ರತಿಯನ್ನು ಪಠ್ಯ ಹೊತ್ತು ತರುವ ಗಾಡಿಯಾಗಿ ಕಂಡಿತು. ಸರಕು ಇಳಿಸಿಕೊಂಡ ಮೇಲೆ ಗಾಡಿಯ ಚಿಂತೆ ಯಾರಿಗಿದೆ? ಪಾಠಾಂತರಗಳ ಬಗ್ಗೆ ನೂರು ಪುಟ ಬರೆಯಬಲ್ಲ ನಾವು, ಒಂದು ಪುಟದ ಕೆಂಪು ಏಕೆ ಉದುರುತ್ತಿದೆ ಎಂದು ಒಂದು ಪುಟವನ್ನೂ ಬರೆಯಲಾರೆವು. ಕಲ್ಲಿನ ವಿಷಯದಲ್ಲಿ ಹೀಗಾಗಲಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದೇ ಕಾಲದ ಬಣ್ಣ ನಮ್ಮ ಮಕ್ಕಳ ಪಠ್ಯಪುಸ್ತಕದ ಒಂದು ಸಾಲಿನಲ್ಲಾದರೂ ಇದೆಯೇ ಎಂದು ಹುಡುಕಬೇಕಾಗಿದೆ.

ಮುಸ್ಲಿಮರ ಕತೆ ಬೇರೆ ತರಹದ್ದು, ಕೊನೆ ಒಂದೇ. ಉರ್ದು ಶಾಲೆಯಲ್ಲಿ ನಮಗೆ ಕಾತಿಬನ ಬಗ್ಗೆ ಹೇಳಿಕೊಟ್ಟರು. ಅಕ್ಷರಗಳನ್ನು ಚುಕ್ಕೆಯಿಂದ ಅಳೆಯುವುದು ಹೇಗೆಂದು ಕಲಿಸಿದರು. ಚಿನ್ನ ಅರೆದು ಪುಟ ಬೆಳಗಿಸುವ ತಜ್‌ಹೀಬ್ ಎಂಬ ಕಲೆಯ ಹೆಸರನ್ನು ಯಾರೂ ಹೇಳಲಿಲ್ಲ. ಅದು ಶೃಂಗಾರ, ಇದ್ದರೂ ಸರಿ, ಹೋದರೂ ಸರಿ ಎಂಬ ಭಾವ. ಆದರೆ ಆ ಪುಟ ಮಾಡಿದವರು ಹಾಗೆ ತಿಳಿದಿರಲಿಲ್ಲ. ಸೂರೆ ಎಲ್ಲಿ ಆರಂಭ, ಆಯತ್ ಎಲ್ಲಿ ಮುಗಿತಾಯ, ಸಜ್ದಾ ಎಲ್ಲಿ ಎಂಬುದನ್ನು ಓದುವವನ ಕಣ್ಣಿಗೆ ತೋರಿಸುತ್ತಿದ್ದದ್ದೇ ಚಿನ್ನ ಮತ್ತು ನೀಲಿ. ಬಣ್ಣವೂ ಓದಿನ ಭಾಗವಾಗಿತ್ತು.

ಇನ್ನು ಬಣ್ಣ ಏಕೆ ಉದುರುತ್ತದೆ ಎಂಬ ಪ್ರಶ್ನೆ. ಬಣ್ಣವೆಂದರೆ ಎರಡು ವಸ್ತುಗಳ ಸಂಸಾರ. ಒಂದು ಪುಡಿ: ಇಂಗಳೀಕ, ಹರಿದಾಳ, ಸಫೇದ, ಲಾಜವರ್ದ್. ಇನ್ನೊಂದು ಆ ಪುಡಿಯನ್ನು ಹಿಡಿದಿಡುವ ಅಂಟು: ಗೋಂದು ಅಥವಾ ಸರೇಸು. ಕಾಲ ಕಳೆದಂತೆ ಅಂಟು ಸೊರಗುತ್ತದೆ, ಬೂಷ್ಟು ಅದನ್ನು ತಿನ್ನುತ್ತದೆ. ಆಗ ಪುಡಿ ಮುಟ್ಟಿದರೆ ಬೆರಳಿಗೆ ಬರುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅದರ ಮೇಲಿನ ಬಣ್ಣದ ಪದರಕ್ಕೆ ಅಷ್ಟು ಬಾಗುವ ಗುಣವಿಲ್ಲ. ಬತ್ತಿದ ಕೆರೆಯ ಮಣ್ಣಿನಂತೆ ಅದು ಬಿರುಕು ಬಿಡುತ್ತದೆ, ಅಂಚುಗಳು ಬೋಗುಣಿಯಂತೆ ಮೇಲೇಳುತ್ತವೆ. ಪುಟ ಮಗುಚಿದಾಗಲೆಲ್ಲ ಒಂದೊಂದು ಚೂರು ಬೀಳುತ್ತದೆ. ಯುರೋಪಿನ ಮಧ್ಯಕಾಲದ ಗ್ರಂಥಗಳು ಪ್ರಾಣಿಯ ಚರ್ಮದ ಮೇಲಿವೆ. ಚರ್ಮ ಕಾಗದಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಅವರ ತಾಪತ್ರಯ ಇನ್ನೂ ಹೆಚ್ಚು. ತಾಳೆಗರಿಯದು ಬೇರೆಯೇ ಕಷ್ಟ. ಅದರ ಮೈ ನುಣುಪು. ಬಣ್ಣ ಒಳಗಿಳಿಯದೆ ಮೇಲೆಯೇ ಕುಳಿತಿರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕಂಠದಿಂದ ಕೊರೆದ ತಾಳೆಗರಿ ಒಣಗಿ ಪುಡಿಯಾಗುವಂತಿದ್ದರೆ ನಿಂಬೆಹುಲ್ಲಿನ ಎಣ್ಣೆಯನ್ನೋ ಸಿಟ್ರೊನೆಲ್ಲಾ ಎಣ್ಣೆಯನ್ನೋ ಸವರುವುದು, ಅಕ್ಷರ ಮಂಕಾಗಿದ್ದರೆ ಕಾಡಿಗೆ ತಿಕ್ಕಿ ಒರೆಸುವುದು ರೂಢಿ. ಅಕ್ಷರಕ್ಕೆ ಅದು ಮದ್ದು. ಬಣ್ಣದ ಚಿತ್ರವಿರುವ ಗರಿಗೆ ಅದೇ ಉಪಚಾರ ಮಾಡಿದರೆ ಎಣ್ಣೆ ಬಣ್ಣವನ್ನು ಕಪ್ಪಾಗಿಸುತ್ತದೆ, ಒರೆಸಿದ ಬಟ್ಟೆ ಅದನ್ನು ಎತ್ತಿಕೊಂಡು ಹೋಗುತ್ತದೆ. ಅಕ್ಷರವನ್ನು ಉಳಿಸುವ ಕೈ ಚಿತ್ರವನ್ನು ಕೊಲ್ಲಬಲ್ಲದು. ಆದ್ದರಿಂದ 'ಅಕ್ಷರ ಉಳಿದರೆ ಸಾಕು' ಎಂಬುದು ಬರಿಯ ಉದಾಸೀನದ ಮಾತಲ್ಲ. ಎಷ್ಟೋ ಸಲ ಅದು ಮರಣದಂಡನೆಯ ಆಜ್ಞೆಯೂ ಆಗುತ್ತದೆ.

ನಾನಿಯ ಕುರ್‌ಆನಿನ ಹಸಿರಿಗೆ ಬರೋಣ. ಚೌಕಟ್ಟಿನ ಈ ಗೆರೆಗಳಿಗೆ ಜದ್ವಲ್ ಎಂದು ಹೆಸರು. ಹಳೆಯ ಪುಸ್ತಕಗಳಲ್ಲಿ ಹೀಗೆ ಕಾಗದವನ್ನು ಕೊರೆಯುವ ಹಸಿರು ಸಾಮಾನ್ಯವಾಗಿ ಜಂಗಾರ್. ತಾಮ್ರದ ತಗಡಿಗೆ ಹುಳಿ ತಾಗಿಸಿ, ಅದರ ಮೇಲೆ ಬೆಳೆದ ಹಸಿರನ್ನು ಕೆರೆದು ತೆಗೆದ ಬಣ್ಣ ಅದು. ಕನ್ನಡದಲ್ಲಿ ಅದಕ್ಕೆ ಹೊಸ ಪದ ಬೇಡ. ನಮ್ಮ ಹೆಂಗಸರು ಹುಣಸೆಹಣ್ಣು ಹಚ್ಚಿ ತಾಮ್ರದ ಬಿಂದಿಗೆಯಿಂದ ತಿಕ್ಕಿ ತೆಗೆಯುತ್ತಾರಲ್ಲ, ಅದೇ ಕಿಲುಬು. ಉರ್ದುವಿನ ಜಂಗ್ ಎಂಬ ಮಾತಿಗೆ ತುಕ್ಕು ಎಂದರ್ಥ. ತುಕ್ಕು ಪಾತ್ರೆಯನ್ನು ತಿನ್ನುವಂತೆ ಜಂಗಾರ್ ಕಾಗದವನ್ನು ತಿನ್ನುತ್ತದೆ. ಮೊದಲು ಹಿಂದಿನ ಪುಟದಲ್ಲಿ ಕಂದು ನೆರಳು, ಆಮೇಲೆ ಬಿರುಕು, ಕೊನೆಗೆ ಕತ್ತರಿ ಹಾಕಿದಂತೆ ನಡುವಿನ ಬರಹವೇ ಕಳಚಿ ಬೀಳುವುದು. ನೀರು ತಾಗಿದರೆ ತಾಮ್ರ ಹರಡಿ ರೋಗ ಹೆಚ್ಚುತ್ತದೆ. ಹೀಗಾಗಿ ಮೈದಾ ಅಂಟು ಹಚ್ಚಿ ಕಾಗದ ಮೆತ್ತುವ ನಮ್ಮ ಬೈಂಡಿಂಗ್ ಅಂಗಡಿಗಳ ಚಿಕಿತ್ಸೆ ಇಲ್ಲಿ ಕೆಲಸಕ್ಕೆ ಬಾರದು.

ಹಳೆಯ ಚಿತ್ರಕಾರರಿಗೆ ಈ ಬಣ್ಣದ ದುರ್ಗುಣ ತಿಳಿದಿತ್ತು. ಜಂಗಾರಿಗೆ ಕೇಸರಿ ಬೆರೆಸಬೇಕೆಂದು ಪರ್ಷಿಯನ್ ಕೈಪಿಡಿಗಳಲ್ಲಿ ಹೇಳಿದೆ. ಹಸಿರಿನ ಛಾಯೆ ಚೆಂದವಾಗಲು ಹೀಗೆ ಮಾಡುತ್ತಿದ್ದರೆಂದು ಬಹುಕಾಲ ತಿಳಿಯಲಾಗಿತ್ತು. ಮಂದಾನಾ ಬರ್ಕೆಶ್ಲಿ ಎಂಬ ಸಂರಕ್ಷಣಾ ವಿಜ್ಞಾನಿ ಪರೀಕ್ಷೆ ಮಾಡಿ, ಕೇಸರಿ ಜಂಗಾರಿನ ಕೊರೆತವನ್ನು ತಡೆಯುತ್ತದೆಂದು ತೋರಿಸಿಕೊಟ್ಟರು. ಬಿರಿಯಾನಿಯ ಕೇಸರಿ ಪುಸ್ತಕಕ್ಕೂ ಮದ್ದಾಗಿತ್ತು. ಹಾಗೆಂದು ಇಂದು ಯಾರೂ ಹಳೆಯ ಪುಟಕ್ಕೆ ಕೇಸರಿ ಹಚ್ಚಲು ಹೋಗಬಾರದು. ಅದು ಬಣ್ಣ ಅರೆಯುವಾಗ ಬೆರೆಯಬೇಕಾದದ್ದು.

ಉದುರುತ್ತಿರುವ ಬಣ್ಣವನ್ನು ನಿಲ್ಲಿಸುವ ಕೆಲಸ ನೋಡಲು ಏನೂ ಅಬ್ಬರವಿಲ್ಲದ್ದು. ಪುಟವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಓರೆ ಬೆಳಕು ಬಿಟ್ಟು, ಎಲ್ಲೆಲ್ಲಿ ಪದರ ಎದ್ದಿದೆ ಎಂದು ಗುರುತಿಸುತ್ತಾರೆ. ಎದ್ದ ಚೂರಿನ ಅಂಚಿಗೆ, ಆ ಬಣ್ಣ ತಡೆದುಕೊಳ್ಳುತ್ತದೆಂದು ಪರೀಕ್ಷಿಸಿ, ಸ್ವಲ್ಪ ಮದ್ಯಸಾರ ಸೋಕಿಸಿ, ಹಿಂದೆಯೇ ಕೂದಲೆಳೆಯ ಕುಂಚದಿಂದ ತೆಳುವಾದ ಅಂಟಿನ ಒಂದು ಹನಿ ಬಿಡುತ್ತಾರೆ. ಹನಿ ತಾನಾಗಿ ಕೆಳಗೆ ಸೇರುತ್ತದೆ. ಪುಡಿಪುಡಿಯಾದ ಬಣ್ಣಕ್ಕಾದರೆ ಅಂಟನ್ನು ಮಂಜಿನಂತೆ ಊದುತ್ತಾರೆ. ಹೊಳಪು ಬರಬಾರದು, ಬಣ್ಣದ ಛಾಯೆ ಬದಲಾಗಬಾರದು. ಒಂದು ಪುಟಕ್ಕೆ ದಿನಗಳೇ ಹಿಡಿಯಬಹುದು. ಕೊನೆಗೆ ನೋಡಿದರೆ ಪುಟ ಮೊದಲಿನಂತೆಯೇ ಇರುತ್ತದೆ. ಹೋದ ಬಣ್ಣ ಹೋಗಿಯೇ ಇರುತ್ತದೆ, ಇದ್ದದ್ದು ನಿಲ್ಲುತ್ತದೆ.

ಆ ಅಂಟು ಯಾವುದು ಎಂಬುದು ನಮ್ಮಂತಹವರಿಗೆ ಸಣ್ಣ ಪ್ರಶ್ನೆಯಲ್ಲ. ಬಹಳ ಕಡೆ ಬಳಸುವುದು ಜೆಲಟಿನ್. ಅದು ದನದ ಚರ್ಮ, ಮೂಳೆಗಳಿಂದ ಬರುತ್ತದೆ, ಹಂದಿಯ ಚರ್ಮದಿಂದಲೂ ಬರುತ್ತದೆ. ಕುರ್‌ಆನಿನ ಪುಟಕ್ಕೆ ಹಂದಿಯ ಅಂಟು ಹಚ್ಚಲು ಯಾವ ಮುಸ್ಲಿಮನೂ ಒಪ್ಪಲಾರ. ಅಹಿಂಸೆಯನ್ನು ಬೋಧಿಸುವ ಗ್ರಂಥಕ್ಕೆ ಯಾವುದೇ ಪ್ರಾಣಿಯ ಅಂಟನ್ನು ಹಚ್ಚಲು ಜೈನರು ಒಪ್ಪಲಾರರು. ಇಬ್ಬರ ಅನುಮಾನವೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಜಪಾನಿನ ಫುನೋರಿ ಎಂಬ ಕಡಲಪಾಚಿಯ ಅಂಟಿದೆ, ಸಸ್ಯನಾರಿನಿಂದ ಮಾಡಿದ ಮಿಥೈಲ್ ಸೆಲ್ಯುಲೋಸ್ ಇದೆ. ಎಲ್ಲ ಬಣ್ಣಕ್ಕೂ ಎಲ್ಲ ಅಂಟು ಹೊಂದುವುದಿಲ್ಲ ನಿಜ. ಆದರೆ ಕೇಳುವ ಹಕ್ಕು ವಾರಸುದಾರರಿಗಿದೆ. ಕೇಳಬೇಕಾದರೆ ಮೊದಲು ವಾರಸುದಾರರು ಅನ್ನಿಸಿಕೊಳ್ಳಬೇಕು.

ನಾವು ಅನ್ನಿಸಿಕೊಂಡಿದ್ದೇವೆಯೇ? ಟಿಪ್ಪುವಿನ ಗ್ರಂಥಾಲಯದ ಮಾತು ಬಂದರೆ ನಮ್ಮ ಸಭೆಗಳಲ್ಲಿ ಕಣ್ಣೀರು ಹರಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸುಮಾರು ಎರಡು ಸಾವಿರ ಗ್ರಂಥಗಳು ಕಂಪನಿಯ ಪಾಲಾದವು. ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅವುಗಳ ಪಟ್ಟಿ ಅಚ್ಚು ಹಾಕಿಸಿದ. ಬಿಜಾಪುರದ ಆಸಾರ್ ಮಹಲಿನ ಪುಸ್ತಕಗಳೂ ಲಂಡನ್ನಿಗೆ ಹೋದವು. 1570ರಲ್ಲಿ ಬಿಜಾಪುರದಲ್ಲಿ ಸಿದ್ಧವಾದ 'ನುಜೂಮುಲ್ ಉಲೂಮ್' ಎಂಬ ಅಪೂರ್ವ ಸಚಿತ್ರ ಗ್ರಂಥ ಇಂದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಈ ದುಃಖ ನ್ಯಾಯವಾದದ್ದು. ಆದರೆ ಕೊಳ್ಳೆ ಹೋದದ್ದಕ್ಕೆ ಅಳುವ ನಾವು, ಹೋಗದೆ ಉಳಿದದ್ದಕ್ಕೆ ಏನು ಮಾಡಿದೆವು? ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಶನ್ ಮಾಡಿಸಿದೆವು, ಬಿಸಿಗೆ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿತು. ಗೌರವಕ್ಕೆಂದು ಅತ್ತರು ಹಚ್ಚಿದೆವು, ಎಣ್ಣೆಯ ಕಲೆ ಹರಡಿತು. ಲೋಬಾನದ ಹೊಗೆ ಹಾಕಿದೆವು, ಮಸಿ ಕೂತಿತು. ತೀರಾ ಜೀರ್ಣವಾದುದನ್ನು ಮಣ್ಣಿಗೊಪ್ಪಿಸಿದೆವು. ದಫನು ಮಾಡುವುದು ಅದಬಿನ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಆದರೆ ಅಚ್ಚಿನ ಹರಿದ ಪ್ರತಿಗೂ ಮುನ್ನೂರು ವರ್ಷದ ಕೈಬರಹಕ್ಕೂ ವ್ಯತ್ಯಾಸ ತಿಳಿದವರು ಒಮ್ಮೆ ನೋಡಿದ ಮೇಲೆ ದಫನು ಮಾಡಬಾರದೇ?

ಇದಕ್ಕಿಂತ ಅಪಾಯಕಾರಿಯಾದುದು ಇನ್ನೊಂದಿದೆ: ಹೊಸದು ಮಾಡುವ ಆಸೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಕಟ್ಟಿದ್ದು 1784ರಲ್ಲಿ. ಅದರ ಗೋಡೆಯ ಯುದ್ಧಚಿತ್ರಗಳ ಮುಂದೆ ನಿಂತು ಟಿಪ್ಪುವಿನ ಕಾಲವನ್ನೇ ಕಂಡೆವೆಂದು ನಾವು ರೋಮಾಂಚನಗೊಳ್ಳುತ್ತೇವೆ. ಆ ಚಿತ್ರಗಳಿಗೆ ಸುಣ್ಣ ಬಳಿದದ್ದೂ ಉಂಟು, ವೆಲ್ಲೆಸ್ಲಿಯ ಕಾಲದಲ್ಲಿ ಮತ್ತೆ ಬರೆಸಿದ್ದೂ ಉಂಟು, 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಇನ್ನೊಮ್ಮೆ ಬರೆಸಿದ್ದೂ ಉಂಟು. ನಮ್ಮ ಕಣ್ಣ ಮುಂದಿನ ಕುದುರೆಯಲ್ಲಿ ಮೊದಲ ಚಿತ್ರಕಾರನ ಗೆರೆ ಎಷ್ಟು, ಕಂಪನಿ ಕಾಲದವನ ಗೆರೆ ಎಷ್ಟು? ಮೇಲೆ ಬಣ್ಣ ಬಳಿದ ಗೋಡೆ ನಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಉದುರಿದ ಗೋಡೆಯಾದರೂ ಎಷ್ಟು ಹೋಗಿದೆ ಎಂಬ ನಿಜವನ್ನು ಹೇಳುತ್ತದೆ. ಕತೆ ಬರೆಯುವ ನಮಗೆ ಇದು ಅಪರಿಚಿತವಲ್ಲ. ನೆನಪಿನ ಖಾಲಿ ಜಾಗವನ್ನು ಚೆಂದದ ವಾಕ್ಯದಿಂದ ತುಂಬುವ ಚಟ ನಮಗೂ ಇದೆ. ಕತೆಯಲ್ಲಿ ಅದಕ್ಕೆ ಪರವಾನಗಿ ಇದೆ, ಇತಿಹಾಸದಲ್ಲಿ ಇಲ್ಲ.

ಸರಕಾರದ ಕಡೆಯಿಂದ ಕೆಲಸವೇ ಆಗಿಲ್ಲವೆಂದಲ್ಲ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಆರಂಭವಾಯಿತು. 2025ರ ಕೇಂದ್ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಗಳ ಯೋಜನೆ ಘೋಷಣೆಯಾಯಿತು. ಸಂತೋಷ. ನಮ್ಮ ಆತಂಕ ಡಿಜಿಟಲೀಕರಣ ಎಂಬ ಮಂತ್ರದ ಬಗ್ಗೆ. ಫೋಟೋ ತೆಗೆದರೆ ಪಠ್ಯ ಉಳಿಯುತ್ತದೆ, ಬಣ್ಣ ಉಳಿಯುವುದಿಲ್ಲ. ಉದುರುತ್ತಿರುವ ಪುಟವನ್ನು ಚಪ್ಪಟೆ ಒತ್ತಿ, ಪ್ರಖರ ದೀಪದ ಕೆಳಗೆ ಚಿತ್ರ ತೆಗೆದರೆ, ಚಿತ್ರ ತೆಗೆಯುವ ಹೊತ್ತಿಗೇ ಒಂದಷ್ಟು ಬಿದ್ದುಹೋಗಿರುತ್ತದೆ. ಮೊದಲು ಬಣ್ಣ ನಿಲ್ಲಬೇಕು, ಆಮೇಲೆ ಕ್ಯಾಮೆರಾ ಬರಬೇಕು. ಇಲ್ಲವಾದರೆ ನಾನಿಯ ಮಾತನ್ನೇ ಕಂಪ್ಯೂಟರಿನ ಭಾಷೆಯಲ್ಲಿ ಹೇಳಿದಂತಾಗುತ್ತದೆ.

ಈ ಎಲ್ಲ ಗೊಂದಲದ ನಡುವೆ ನಮಗೆ ದಾರಿ ತೋರಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಗೋಡೆ. ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡುತ್ತಾರೆ. ಕೆಳಗೆ ಊರೊಳಗಿನ ಮಠದ ಗೋಡೆಗಳ ಮೇಲೆ ಬಣ್ಣದ ಚಿತ್ರಗಳಿವೆ. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಅಲ್ಲಿದೆ. ಒಂದು ಮರ ಮತ್ತು ಆರು ಜನರೂ ಇದ್ದಾರೆ. ಅದು ಲೇಶ್ಯೆಗಳ ಕತೆ. ಆರು ಮಂದಿಗೆ ಹಣ್ಣು ಬೇಕು. ಒಬ್ಬ ಮರವನ್ನು ಬುಡಸಹಿತ ಕಡಿಯಹೊರಡುತ್ತಾನೆ. ಒಬ್ಬ ದೊಡ್ಡ ಕೊಂಬೆಯನ್ನು, ಒಬ್ಬ ರೆಂಬೆಯನ್ನು, ಒಬ್ಬ ಗೊಂಚಲನ್ನು ಬಯಸುತ್ತಾನೆ. ಐದನೆಯವನು ಹಣ್ಣನ್ನಷ್ಟೇ ಕೀಳುತ್ತಾನೆ. ಆರನೆಯವನು ನೆಲಕ್ಕೆ ಬಿದ್ದುದನ್ನು ಆಯ್ದುಕೊಳ್ಳುತ್ತಾನೆ. ಜೀವಕ್ಕೆ ಅಂಟುವ ಈ ಸ್ವಭಾವಗಳಿಗೆ ಜೈನರು ಇಟ್ಟಿರುವುದು ಬಣ್ಣಗಳ ಹೆಸರು. ಮೊದಲನೆಯವನದು ಕಪ್ಪು, ಕೊನೆಯವನದು ಬಿಳಿ.

ಹಳೆಯ ಪುಸ್ತಕದ ಮುಂದೆ ನಿಂತ ನಾವೂ ಆ ಆರು ಜನರೇ. ಪುಟ ಕತ್ತರಿಸಿ ಮಾರುವವನು, ಪಠ್ಯ ತೆಗೆದುಕೊಂಡು ಗರಿ ಬಿಸಾಡುವವನು, ಟೇಪು ಅಂಟಿಸುವವನು, ಹೊಸ ಬಣ್ಣ ಬಳಿಯುವವನು. ಎದ್ದ ಚೂರನ್ನು ಇದ್ದಲ್ಲಿಯೇ ಕೂರಿಸಿ, ಬಿದ್ದದ್ದಕ್ಕೆ ಪುಟ್ಟ ಲಕೋಟೆ ಮಾಡಿ, ಅದು ಯಾವ ಪುಟದ್ದೆಂದು ಬರೆದಿಡುವವನು ಆರನೆಯವನು.

ಕಳೆದ ವರ್ಷ ನಾನಿಯ ಕುರ್‌ಆನಿನ ವಿಷಯ ಮತ್ತೆ ಮನೆಯಲ್ಲಿ ಎದ್ದಿತು. ನಾನಿ ಈಗಿಲ್ಲ. ಗ್ರಂಥ ಚನ್ನರಾಯಪಟ್ಟಣದಲ್ಲಿರುವ ಮಾಮೂ ಅವರ ಬಳಿ ಇದೆ. ಅರಕಲಗೂಡಿನ ಖಾಲಾ ಅವರ ಮಗನಿಗೆ ಚೆಂದದ ಕೈಯಿರುವ ಒಬ್ಬ ಕಲಾವಿದ ಪರಿಚಯ. ಕಿತ್ತುಹೋದ ಚಿನ್ನ, ನೀಲಿ, ಹಸಿರನ್ನೆಲ್ಲ ತುಂಬಿಸಿ ಮದುವೆಯ ಮನೆಯಂತೆ ಬೆಳಗಿಸಿಕೊಡುತ್ತಾನಂತೆ, ದುಡ್ಡೂ ಬೇಡವಂತೆ. ಮಾಮೂ ಒಪ್ಪುವುದರಲ್ಲಿದ್ದರು. "ನಿಮ್ಮ ಕೈಯಿಂದ ಹಾಳಾದದ್ದು ಸರಿಹೋಗುತ್ತದಲ್ಲ, ನಿಮಗೇನು ಕಷ್ಟ?" ಎಂದು ಕೇಳಿದರು. ಆ ಮಾತು ಸರಿಯಾದ ಜಾಗಕ್ಕೇ ತಾಗಿತು. ನಮ್ಮ ತಪ್ಪು ಯಾರಿಗೂ ಕಾಣದಂತೆ ಮುಚ್ಚಿಹೋಗುವ ಅವಕಾಶ ಅದಾಗಿತ್ತು. ಬೇಡ ಮಾಮೂ ಎಂದೆವು. ಬಣ್ಣ ತುಂಬಿಸಿದರೆ ಮುಂದೆ ನೋಡುವವರು ಆ ಕಲಾವಿದನ ಕೈಯನ್ನು ನಮ್ಮ ಹಿರಿಯರ ಕೈಯೆಂದು ತಿಳಿಯುತ್ತಾರೆ. ಖಾಲಿ ಇದ್ದರೆ ಇಲ್ಲಿ ಏನೋ ಇತ್ತೆಂದಾದರೂ ತಿಳಿಯುತ್ತಾರೆ. ಮಾಮೂ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಏನು ಮಾಡೋಣ, ನೀವೇ ಹೇಳಿ" ಎಂದರು.

ಏನೂ ಮಾಡದಿರುವುದೂ ಒಂದು ಕೆಲಸವೆಂದು ಆಗ ವಿವರಿಸಬೇಕಾಯಿತು. ಮಖಮಲ್ಲಿನ ಬದಲು ಹುಳಿ ಅಂಶವಿಲ್ಲದ ರಟ್ಟಿನ ಪೆಟ್ಟಿಗೆ ಮಾಡಿಸಿದೆವು. ಹೊರಗೋಡೆಗೆ ತಾಗಿದ, ಮಳೆಗಾಲದಲ್ಲಿ ಬೆವರುವ ಬೀರುವಿನಿಂದ ಒಳಗೋಣೆಗೆ ಸಾಗಿಸಿದೆವು. ಕರ್ಪೂರದ ಗುಳಿಗೆಗಳನ್ನು ತೆಗೆದೆವು. ಪೂರ್ತಿ ಬಿಚ್ಚಿ ಮಲಗಿಸದೆ, ಎರಡೂ ಬದಿಗೆ ದಿಂಬು ಕೊಟ್ಟು ಅರ್ಧ ತೆರೆಯುವುದನ್ನು ಮನೆಯ ಮಕ್ಕಳಿಗೆ ಕಲಿಸಿದೆವು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಇಂಟ್ಯಾಕ್ ಸಂಸ್ಥೆ ಕಟ್ಟಿದ ಕಲಾ ಸಂರಕ್ಷಣಾ ಕೇಂದ್ರವಿದೆ. ಅಲ್ಲಿಗೆ ತೋರಿಸಿ, ಅಂಟಿನ ಪ್ರಶ್ನೆಯನ್ನೂ ಕೇಳಿ, ಮುಂದಿನದನ್ನು ತೀರ್ಮಾನಿಸುವುದೆಂದು ಮಾತಾಗಿದೆ. ಖರ್ಚು ಯಾರದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹಾಸನದ ನಮ್ಮ ಪಾಲು ಇಷ್ಟೆಂದು ನಾವು ಹೇಳಿದ್ದೇವೆ.

ಈ ರಂಜಾನಿನಲ್ಲಿ ಮಾಮೂ ಮೊದಲ ಎರಡು ಪುಟಗಳನ್ನು ಮಕ್ಕಳಿಗೆ ತೋರಿಸಿದರು. ಟೇಪು ಕಿತ್ತ ಜಾಗದಲ್ಲಿ ಬರಿಯ ಕಂದು ಕಾಗದ. ಅವರ ಮೊಮ್ಮಗಳು ಅದರ ಮೇಲೆ ಬೆರಳು ತೋರಿ, ಇಲ್ಲಿ ಮೊದಲು ಯಾವ ಬಣ್ಣ ಇತ್ತು ಎಂದು ಕೇಳಿದಳು. ನೀಲಿ ಎಂದೆವು. ಅದು ಎಲ್ಲಿ ಹೋಯಿತು ಎಂದು ಕೇಳಿದಳು. ಅದಕ್ಕೂ ಉತ್ತರ ಹೇಳಿದೆವು, ಯಾರ ಕೈಯಿಂದ ಹೋಯಿತೆಂಬುದನ್ನೂ ಸೇರಿಸಿ.